ಹನ್ನೆರಡು ಪೈಪು, ಒಂದು ಬೀಗದ ಕೈ

"ಯಾವ ಮರ ಇದು?" ಎಂದರು ಮೇಸ್ತ್ರಿ.

ಬೆಳಿಗ್ಗೆಯಿಂದ ಇದು ನಾಲ್ಕನೆಯ ಸಲ. ಪೈಪಕ್ಕ ಹಿತ್ತಿಲ ಕಟ್ಟೆಯ ಮೇಲೆ ಕೂತು, ಎರಡಡಿ ಪ್ಲಾಸ್ಟಿಕ್ ಪೈಪನ್ನು ತೊಡೆಗೆ ಅಡ್ಡ ಇಟ್ಟುಕೊಂಡು, ಗರಗಸದ ತುಂಡು ಬ್ಲೇಡಿನಿಂದ ಉದ್ದಕ್ಕೂ ಗೀಚುತ್ತಿದ್ದಳು. ಪ್ರಶ್ನೆ ಕೇಳಿಸಿದರೂ ಕೈ ನಿಲ್ಲಿಸಲಿಲ್ಲ. ಕೈ ನಿಂತರೆ ಬಾಯಿ ಶುರುವಾಗುತ್ತದೆ, ಬಾಯಿ ಶುರುವಾದರೆ ಅವತ್ತಿನ ಅಡುಗೆ ಆಗುವುದಿಲ್ಲ ಎಂಬುದು ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಕಲಿತ ಪಾಠ.

"ಪ್ಲಾಸ್ಟಿಕ್ ಮರ," ಎಂದಳು.

"ಅದಲ್ಲ ಕಣೇ. ಯಾವ ಮರ ಅಂತ ಮನಸ್ಸಲ್ಲಿಟ್ಕೊಂಡು ಗೀಚ್ತಿದೀಯ ಅಂತ ಕೇಳ್ದೆ. ಗೀಟು ನೋಡಿದ್ರೆ ತೇಗ ಅನ್ಸುತ್ತೆ, ಗಂಟು ನೋಡಿದ್ರೆ ಮಾವು. ಬಣ್ಣ ನೋಡಿದ್ರೆ..." ಮೇಸ್ತ್ರಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಪಕ್ಕದಲ್ಲಿ ಒಣಗಲು ಇಟ್ಟಿದ್ದ ಇನ್ನೊಂದು ಪೈಪನ್ನು ನೋಡಿದರು. "ಬಣ್ಣ ನೋಡಿದ್ರೆ ಯಾರೋ ಟೀ ಚೆಲ್ಲಿದ ಹಾಗಿದೆ."

"ಚೆನ್ನಾಗಿಲ್ವಾ?"

"ಚೆನ್ನಾಗಿದೆಯೋ ಇಲ್ವೋ ಆಮೇಲಿನ ಮಾತು. ಗಂಟು ಅಂದ್ರೆ ಅಲ್ಲೊಂದು ಕೊಂಬೆ ಇತ್ತು ಅಂತ ಅರ್ಥ. ನೀನು ಒಂದು ಗೇಣಲ್ಲಿ ಮೂರು ಗಂಟು ಹಾಕಿದೀಯ. ಇಷ್ಟು ಹತ್ತಿರ ಮೂರು ಕೊಂಬೆ ಇಟ್ಕೊಂಡು ಯಾವ ಮರ ನಿಲ್ಲುತ್ತೆ? ಗಾಳಿಗೆ ಬಿದ್ದುಹೋಗುತ್ತೆ."

"ಇದು ನಿಲ್ಲೋ ಮರ ಅಲ್ಲ ರೀ, ಹೂವಿನ ಕುಂಡ ಇಡೋ ಸ್ಟ್ಯಾಂಡು! ತಗೊಳ್ಳೋರು ಯಾರೂ ಕೊಂಬೆ ಎಣಿಸಲ್ಲ!"

"ಎಣಿಸೋರು ಎಣಿಸ್ತಾರೆ," ಎಂದು ಮೇಸ್ತ್ರಿ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಎದೆಯೊಳಗಿಂದ ಸಣ್ಣದೊಂದು ಸಿಳ್ಳೆ ಬಂತು. ಪೈಪಕ್ಕನ ಕೈ ಆಗ ಮಾತ್ರ ಒಂದು ಕ್ಷಣ ನಿಂತಿತು. ಸಿಳ್ಳೆ ಅಡಗುವವರೆಗೆ ಕಿವಿಗೊಟ್ಟು ಕೇಳಿ, ಅಡಗಿದ ಮೇಲೆ ಮತ್ತೆ ಗೀಚತೊಡಗಿದಳು.

ಅವಳಿಗೆ ಆ ಹೆಸರು ಬಂದದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ. ಇಪ್ಪತ್ತೆರಡು ವರ್ಷ ಅಲ್ಲಿನ ಕೌಂಟರಿನ ಹಿಂದೆ ನಿಂತಿದ್ದಳು. ನಲ್ಲಿ ಒಡೆದು ಮನೆಯೆಲ್ಲ ಕೆರೆಯಾಗಿ, ಒದ್ದೆ ಪ್ಯಾಂಟಿನಲ್ಲೇ ಓಡಿಬಂದು "ಅಕ್ಕ, ಅದು... ಹೀಗೆ ಬಗ್ಗಿರುತ್ತಲ್ಲ, ಅದು ಕೊಡಿ" ಎಂದು ಗಾಳಿಯಲ್ಲಿ ಕೈ ಬಗ್ಗಿಸುವವರಿಗೆ, ಮುಕ್ಕಾಲಿಂಚೋ ಒಂದಿಂಚೋ ಎಂದು ಮುಖ ನೋಡಿಯೇ ಹೇಳುತ್ತಿದ್ದಳು. ಬೇಸಿಗೆಯ ಒಂದು ಮಧ್ಯಾಹ್ನ ಗಿರಾಕಿ ಇಲ್ಲದೆ ಕೂತಿದ್ದಾಗ, ತುಂಡು ಪೈಪಿನ ಮೇಲಿದ್ದ ಅಚ್ಚಿನ ಅಕ್ಷರಗಳನ್ನು ಬ್ಲೇಡಿನಿಂದ ಕೆರೆಯುತ್ತಾ ಕೂತಳು. ಕೈತಪ್ಪಿ ಟೀ ಚೆಲ್ಲಿತು. ಒರೆಸಿದಳು. ಮೇಲಿನದು ಹೋಯಿತು, ಗೀರಿನೊಳಗಿನದು ಉಳಿಯಿತು. ನೋಡಿದರೆ ಥೇಟು ಮರದ ತುಂಡು! ಅವತ್ತಿನಿಂದ ಅವಳಿಗೆ ಹುಚ್ಚು ಹಿಡಿಯಿತು. ತುಂಡು ಪೈಪುಗಳನ್ನೆಲ್ಲ ಮನೆಗೆ ಹೊತ್ತಳು. ಮೊದಲು ಗೀಚುವುದು, ಆಮೇಲೆ ತೆಳು ಕಂದು ಬಣ್ಣ, ಅದು ಒಣಗಿದ ಮೇಲೆ ಗಾಢ ಕಂದು, ಅದು ಒಣಗುವ ಮುಂಚೆ ಒದ್ದೆ ಬಟ್ಟೆಯಿಂದ ಒರೆಸುವುದು, ಕೊನೆಗೆ ಮಿಂಚದ ವಾರ್ನಿಶ್. ಟವೆಲ್ ಕೋಲು, ಪರದೆ ಕೋಲು, ದೀಪದ ಕಂಬ, ಪೆನ್ನಿನ ಗೂಡು ಎಂದು ಮನೆ ತುಂಬ ಪೈಪಾಯಿತು.

ಕಟ್ಟಿಕೊಂಡವರು ನೋಡಿದರೆ ಬಡಗಿ! ನಲವತ್ತು ವರ್ಷ ಮರ ಕೊಯ್ದವರು. ಮಾವಿನ ಹಲಗೆಗೆ ಬಣ್ಣ ಬಳಿದು ತೇಗ ಎಂದು ಕೊಡಿ ಎಂದ ಶ್ರೀಮಂತ ಗಿರಾಕಿಯನ್ನು, ಅಳತೆ ಪಟ್ಟಿ ತೋರಿಸಿ ಬಾಗಿಲಾಚೆ ಕಳಿಸಿದ ಮನುಷ್ಯ. ಅಂಥವರ ಮನೆಯಲ್ಲಿ ನೀರಿನ ಪೈಪು ಮರದ ವೇಷ ಹಾಕಿಕೊಂಡು ನಿಂತರೆ ಹೇಗಿರಬೇಡ! ಅವರು ಬಯ್ಯಲಿಲ್ಲ, ನೋಡಲೇ ಇಲ್ಲ. ಅಡುಗೆಮನೆಯ ತೊಟ್ಟಿಯ ಮೇಲೆ ಅವಳು ಹಾಕಿದ ಟವೆಲ್ ಕೋಲಿನತ್ತ ಕಣ್ಣೆತ್ತದೆ, ಕೈಯನ್ನು ಲುಂಗಿಗೆ ಒರೆಸಿಕೊಂಡು ಹೋಗುತ್ತಿದ್ದರು. ಈ ಹಟಕ್ಕೆ ಏನು ಹೇಳೋಣ!

ಹೋದ ವರ್ಷ ಮೇಸ್ತ್ರಿಯ ಎದೆ ಕೈಕೊಟ್ಟಿತು. ನಲವತ್ತು ವರ್ಷ ಮೂಗಿನೊಳಗೆ ಹೋದ ಮರದ ಪುಡಿ ಒಂದೇ ದಿನ ಲೆಕ್ಕ ಕೇಳಿದ ಹಾಗೆ ಉಸಿರು ಕಟ್ಟಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ.

"ಮರದ ಪುಡಿ ನಿಮಗೆ ವಿಷ. ಇನ್ನು ಮುಟ್ಟಬೇಡಿ. ಇನ್ನೊಂದ್ಸಲ ಹೀಗಾದ್ರೆ ಉಳಿಸ್ತೀನಿ ಅಂತ ಮಾತು ಕೊಡೋಕಾಗಲ್ಲ."

"ಸ್ವಲ್ಪ ಸ್ವಲ್ಪ ಮಾಡಬಹುದಾ ಮೇಡಂ?" ಎಂದು ಕೇಳಿದರು ಪುಣ್ಯಾತ್ಮ.

"ವಿಷ ಸ್ವಲ್ಪ ಸ್ವಲ್ಪ ಕುಡೀತೀರಾ?"

ಮನೆಗೆ ಬಂದ ದಿನವೇ ಪೈಪಕ್ಕ ಹಿತ್ತಿಲಿನ ಕೆಲಸದ ಕೋಣೆಗೆ ಬೀಗ ಹಾಕಿದಳು. ಅದೇನು ಸಾಮಾನ್ಯ ಬಾಗಿಲಲ್ಲ. ಮೇಸ್ತ್ರಿ ಮದುವೆಯಾದ ವರ್ಷ ಕೈಯಾರೆ ಮಾಡಿದ್ದು. ಎರಡು ಪದರದ ಹಲಗೆ, ಬೀಗ ಹಲಗೆಯ ಹೊಟ್ಟೆಯೊಳಗೆ, ಹೊರಗೆ ಕಾಣುವುದು ತೂತು ಮಾತ್ರ. ಎರಡು ಕೀಲಿಗಳಲ್ಲಿ ಒಂದು ಎಂದೋ ಕಳೆದುಹೋಗಿತ್ತು. ಉಳಿದ ಒಂದನ್ನು ಅವಳು ತೆಗೆದುಕೊಂಡಳು. ಆಮೇಲೆ ನೆನಪಾಯಿತು, ತನ್ನ ಹೊಲಿಗೆ ಮೆಷಿನ್ ಕೂಡ ಒಳಗೇ ಇದೆ ಎಂದು. ಇರಲಿ, ಪುಡಿ ಮೆತ್ತಿದ ಅದನ್ನು ಈಗ ಈಚೆ ತಂದರೆ ಇವರ ಮೂಗಿಗೆ ಹೋಗುತ್ತದೆ, ಹೊಲಿಯುವುದೇನೂ ಇಲ್ಲವಲ್ಲ ಎಂದು ಸುಮ್ಮನಾದಳು.

ಕೀಲಿಯನ್ನು ಎಲ್ಲಿಡುವುದು? ಅಕ್ಕಿ ಡಬ್ಬ, ಸೀರೆ ಮಡಿಕೆ, ಹಾಸಿಗೆ ಅಡಿ, ಎಲ್ಲ ಗಂಡಸರಿಗೂ ಗೊತ್ತಿರುವ ಜಾಗಗಳು. ಕೊನೆಗೆ ಅವಳಿಗೆ ತಾನೇ ಮೆಚ್ಚಿಕೊಳ್ಳುವಂಥ ಉಪಾಯ ಹೊಳೆಯಿತು. ಈ ಮನುಷ್ಯ ಸತ್ತರೂ ನೋಡದ ಜಾಗ ಈ ಮನೆಯಲ್ಲಿ ಒಂದೇ, ತನ್ನ ಪೈಪು! ಟವೆಲ್ ಕೋಲಿನ ತುದಿಯ ಮುಚ್ಚಳ ತೆಗೆದು, ಕೀಲಿ ಗಲಗಲ ಎನ್ನದಂತೆ ಹಳೇ ಬಟ್ಟೆ ಸುತ್ತಿ ಒಳಗೆ ತುರುಕಿ, ಮುಚ್ಚಳ ಒತ್ತಿದಳು.

ಬೀಗವೇನೋ ಬಿತ್ತು. ಆದರೆ ಕೆಲಸವಿಲ್ಲದ ಬಡಗಿಯನ್ನು ಮನೆಯಲ್ಲಿಟ್ಟುಕೊಳ್ಳುವುದು ಏನೆಂದು ಅನುಭವಿಸಿದವರಿಗೇ ಗೊತ್ತು. ಕುರ್ಚಿಯ ಕಾಲು ತಟ್ಟುತ್ತಿದ್ದರು, ಕಿಟಕಿಯ ಚೌಕಟ್ಟು ತಟ್ಟುತ್ತಿದ್ದರು. ಬೆರಳ ಗಂಟಿನಿಂದ ಟಕಟಕ ತಟ್ಟಿ, ಕಿವಿಯಿಟ್ಟು, "ಒಳಗೆ ಟೊಳ್ಳಾಗಿದೆ" ಎಂದು ಅವಳನ್ನು ಹೆದರಿಸುತ್ತಿದ್ದರು. ದಿನಕ್ಕೆ ಹತ್ತು ಸಲ ಹಿತ್ತಿಲಿಗೆ ಹೋಗಿ ಆ ಬಾಗಿಲ ಮುಂದೆ ನಿಂತು ಬರುತ್ತಿದ್ದರು. ಒಂದು ದಿನ ಬೀಗದ ತೂತಿಗೆ ಮೂಗಿಟ್ಟು ನಿಂತಿದ್ದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿಬಿಟ್ಟಳು. ಕೈಗೆ ಏನಾದರೂ ಕೆಲಸ ಕೊಡದಿದ್ದರೆ ಈ ಮನುಷ್ಯ ಒಂದಲ್ಲ ಒಂದು ದಿನ ಆ ಬಾಗಿಲು ತೆಗೆದೇ ತೆಗೆಯುತ್ತಾರೆ, ತೆಗೆದರೆ ಉಳಿಯುವುದಿಲ್ಲ ಎಂದು ಅವಳಿಗೆ ಅವತ್ತು ಖಾತ್ರಿಯಾಯಿತು.

ಅದಕ್ಕೇ ಅವಳು ಅವರ ಕಣ್ಣೆದುರೇ ಕೂತು ಗೀಚಲು ಶುರುಮಾಡಿದ್ದು. ಡಾಕ್ಟರಮ್ಮನನ್ನೂ ಕೇಳಿಕೊಂಡು ಬಂದಿದ್ದಳು. ಬಯಲಲ್ಲಿ ಕೂತು, ಪೈಪು ಒದ್ದೆ ಮಾಡಿ, ಮೂಗಿಗೆ ಬಟ್ಟೆ ಕಟ್ಟಿ ಗೀಚಿದರೆ ಅಡ್ಡಿಯಿಲ್ಲ ಎಂದಿದ್ದರು. ಆದರೆ ಇವರು ಕೈ ಹಾಕಿದರೆ ತಾನೇ! ಬಾಯಿ ಮಾತ್ರ ಹಾಕುತ್ತಿದ್ದರು. ಯಾವ ಮರ ಇದು, ಯಾವ ಮರ ಇದು. ಅವಳಿಗೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದುಹೋಗಿತ್ತು.

ಅಷ್ಟರಲ್ಲಿ ಗ್ರಂಥಾಲಯದ ಮೇಡಂ ಬಂದರು. ಮಕ್ಕಳ ಕೋಣೆಯಲ್ಲಿ ಕೂತು ಓದಲು ಒಂದು ಗುಡಿಸಲು ಬೇಕಂತೆ. ದುಂಡಗೆ ಹನ್ನೆರಡು ಮರದ ಕಂಬ, ಮೇಲೆ ತೊಲೆ, ಬಟ್ಟೆಯ ಮಾಡು. ಹಿಂದೆ ನಿಜವಾದ ಮರದ್ದೇ ಇತ್ತು, ಗೆದ್ದಲು ಹಿಡಿದು ಪುಸ್ತಕಕ್ಕೂ ಹಬ್ಬಿತ್ತು.

"ನೋಡೋಕೆ ಮರ ಆಗಿರಬೇಕು, ಗೆದ್ದಲಿಗೆ ಮಾತ್ರ ಮರ ಅನ್ನಿಸಬಾರದು," ಎಂದರು ಮೇಡಂ. "ಒಂದೂವರೆ ತಿಂಗಳಲ್ಲಿ ಕೋಣೆ ಶುರುಮಾಡ್ತೀವಿ. ಆಗುತ್ತಾ ಅಕ್ಕ?"

"ಒಂದು ತಿಂಗಳು ಸಾಕು," ಎಂದುಬಿಟ್ಟಳು ಪೈಪಕ್ಕ.

ಕಂಬಕ್ಕೆ ಆರಡಿಯ ಹನ್ನೆರಡು ಪೈಪು, ತೊಲೆಗೆ ಒಂದಷ್ಟು ಸಣ್ಣವು ಬಂದು ಹಿತ್ತಿಲಲ್ಲಿ ಮಲಗಿದವು. ಅವಳು ಮೊದಲನೆಯದನ್ನು ಹತ್ತು ನಿಮಿಷ ಗೀಚಿರಬೇಕು. ಕುರ್ಚಿಯ ಕಿರುಗುಟ್ಟುವಿಕೆ ಕೇಳಿಸಿತು. ನೆರಳು ಪೈಪಿನ ಮೇಲೆ ಬಿತ್ತು.

"ಕೊಡಿಲ್ಲಿ. ಮಕ್ಕಳು ನೋಡೋದು. ಮಕ್ಕಳಿಗೆ ಸುಳ್ಳು ಮರ ತೋರಿಸ್ತೀಯಾ?"

"ಇದು ಸುಳ್ಳು ಮರಾನೇ ರೀ!"

"ಸುಳ್ಳಾದ್ರೂ ನೆಟ್ಟಗೆ ಹೇಳ್ಬೇಕು," ಎಂದು ಮೇಸ್ತ್ರಿ ಬ್ಲೇಡು ಕಸಿದುಕೊಂಡು, ಮೂಗಿಗೆ ಅವಳದೇ ದುಪಟ್ಟಾ ಕಟ್ಟಿಕೊಂಡು ಕೂತರು. ಪೈಪಕ್ಕ ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಒಬ್ಬಳೇ ನಕ್ಕಳು. ಕಣ್ಣಲ್ಲಿ ನೀರೂ ಬಂತು. ಗೆದ್ದೆ ಎಂದುಕೊಂಡಳು.

ಗೆದ್ದದ್ದು ಎಷ್ಟು ದಿನ! ಎರಡನೆಯ ವಾರಕ್ಕೇ ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅವಳು ದಿನಕ್ಕೆರಡು ಪೈಪು ಮುಗಿಸುವವಳು, ಇವರು ಮೂರು ದಿನಕ್ಕೆ ಒಂದು. ಹನ್ನೆರಡೂ ಒಂದೇ ಮರದಿಂದ ಕೊಯ್ದ ಹಾಗಿರಬೇಕಂತೆ. ಬುಡದ ಕಡೆ ಗೀಟು ಅಗಲ, ತುದಿಯ ಕಡೆ ಒತ್ತು. ಗಂಟು ಬಂದಲ್ಲಿ ಗೀಟು ಅದನ್ನು ಬಳಸಿ ಹೋಗಬೇಕು, ಹೊಳೆ ಬಂಡೆಯನ್ನು ಬಳಸಿ ಹೋದ ಹಾಗೆ. ಮುಚ್ಚಳದ ಮೇಲೆ ವರ್ಷದ ಉಂಗುರ ಬರೆಯುವಾಗ, ಎಷ್ಟು ವರ್ಷದ ಮರ ಎಂದು ತೀರ್ಮಾನಿಸಲು ಒಂದು ಇಡೀ ಬೆಳಿಗ್ಗೆ ಬೇಕಾಯಿತು. ಅವಳು ಬ್ಲೇಡು ಮುಟ್ಟುವ ಹಾಗಿಲ್ಲ. ಮುಟ್ಟಿದರೆ, "ನಿನ್ ಗೀಟು ಸೇರಿದ್ರೆ ಕಸಿ ಮಾಡಿದ ಹಾಗಾಗುತ್ತೆ" ಎನ್ನುತ್ತಿದ್ದರು.

ಪೈಪಿಗೆ ಪೈಪು ಸೇರಿಸಲು ಅಂಗಡಿಯಲ್ಲಿ ರೆಡಿ ಸಿಗುವ ಜೋಡಣೆಗಳನ್ನು ಅವಳು ಚೀಲ ತುಂಬ ತಂದರೆ, ಮೇಸ್ತ್ರಿ ಒಂದನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಮರಕ್ಕೆ ಮಾಡುವ ಹಾಗೇ ಕಂಬದ ತಲೆಯಲ್ಲಿ ತೂತು, ತೊಲೆಯ ತುದಿಯಲ್ಲಿ ಗೂಟ. ಅವಳು ತುಟಿ ಕಚ್ಚಿಕೊಂಡಳು. ಹೋಗಲಿ, ಬಾಗಿಲ ಮುಂದೆ ಹೋಗಿ ನಿಲ್ಲುವುದು ನಿಂತಿದೆಯಲ್ಲ. ಎದೆಯ ಸಿಳ್ಳೆಯೂ ಕಡಿಮೆಯಾಗಿದೆ.

ಮಕ್ಕಳ ಕೋಣೆ ಶುರುವಾಗಲು ಎಂಟು ದಿನ ಇರುವಾಗ ಹಿತ್ತಿಲಲ್ಲಿ ಗುಡಿಸಲನ್ನು ಮೊದಲ ಸಲ ಜೋಡಿಸಿ ನೋಡಿದರು. ಗೂಡ್ಸ್ ಆಟೋ ಓಡಿಸುವ ಅವಳ ತಮ್ಮ ಸಹಾಯಕ್ಕೆ ಬಂದಿದ್ದ. ಗುಡಿಸಲು ನಿಂತಾಗ ಅವಳೇ ಅದಕ್ಕೆ ಎರಡು ಸುತ್ತು ಬಂದಳು, ಅಷ್ಟು ಚೆನ್ನಾಗಿತ್ತು. ತಮ್ಮ ಮೆಚ್ಚಿ ಒಂದು ಕಂಬದ ಮೇಲೆ ಕೈಯಿಟ್ಟ. ಇಡೀ ಗುಡಿಸಲು ಕುಡುಕನ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ತೂಗಿತು.

ಪೈಪಕ್ಕ ಬಗ್ಗಿ ನೋಡಿದಳು. ಪ್ರತಿ ಗೂಟದ ಸುತ್ತಲೂ ಉಗುರಿನಷ್ಟು ಸಂದು! ಒಂದರಲ್ಲಲ್ಲ, ಎಲ್ಲದರಲ್ಲೂ, ಅಳತೆಯಿಟ್ಟು ಬಿಟ್ಟ ಸಂದು.

"ಇದೇನ್ರೀ ಇದು?"

"ಬಿಡಬೇಕು ಕಣೇ," ಎಂದರು ಮೇಸ್ತ್ರಿ, ಮಗುವಿಗೆ ಹೇಳುವ ಹಾಗೆ. "ಥಂಡಿ ದಿನ ಬಂದಾಗ ಮರ ಉಬ್ಬುತ್ತೆ. ಉಬ್ಬಿದಾಗ ತಾನೇ ಬಿಗಿಯಾಗುತ್ತೆ. ಈಗಲೇ ಬಿಗಿ ಮಾಡಿದ್ರೆ ಸೀಳಿಬಿಡುತ್ತೆ. ಮರಕ್ಕೆ ಉಸಿರಾಡೋಕೆ ಜಾಗ..."

ಅಲ್ಲಿಗೆ ಅವರಿಗೇ ಗೊತ್ತಾಯಿತು. ಮಾತು ಅರ್ಧಕ್ಕೆ ನಿಂತಿತು. ಅವಳ ತಮ್ಮ ಕೆಮ್ಮಿನ ನೆಪದಲ್ಲಿ ಮುಖ ತಿರುಗಿಸಿಕೊಂಡ. ಪೈಪಕ್ಕನಿಗೆ ಒಂದು ತಿಂಗಳು ಹಲ್ಲು ಕಚ್ಚಿ ತಡೆದದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು.

"ಪೈಪು ಉಬ್ಬುತ್ತೇನ್ರೀ? ಪೈಪು ಉಸಿರಾಡುತ್ತಾ? ಇಪ್ಪತ್ತೆರಡು ವರ್ಷ ಮಾರಿದೀನಿ, ಒಂದು ದಿನ ಉಸಿರಾಡಿದ್ದು ಕಾಣೆ! ಉಸಿರಾಡಬೇಕಾದೋರು ನೀವು! ಎಂಟು ದಿನ ಇದೆ, ಮೇಡಂಗೆ ಏನ್ ಹೇಳ್ಲಿ? ಚಳಿಗಾಲ ಬರ್ಲಿ ಮೇಡಂ, ಪ್ಲಾಸ್ಟಿಕ್ ಉಬ್ಬುತ್ತೆ ಅಂತ ಹೇಳ್ಲಾ?"

ಮೇಸ್ತ್ರಿ ಸಂದಿನೊಳಗೆ ಉಗುರು ತೂರಿಸಿ ನೋಡಿ, ತಲೆ ತಗ್ಗಿಸಿಕೊಂಡು ಒಳಗೆ ಹೋದರು. ನಲವತ್ತು ವರ್ಷದಲ್ಲಿ ಅವರ ಕೆಲಸ ಅಲ್ಲಾಡಿದ್ದು ಇದೇ ಮೊದಲು. ಅವರು ಊಟ ಸರಿಯಾಗಿ ಮಾಡಲಿಲ್ಲ. ಅವಳಿಗೂ ಬೇಜಾರಾಯಿತು. ಆದರೆ ಕೋಪ ಇನ್ನೂ ಇಳಿದಿರಲಿಲ್ಲ, ಸಮಾಧಾನ ಹೇಳಲು ಹೋಗಲಿಲ್ಲ.

ಮರುದಿನ ಮಧ್ಯಾಹ್ನ ವಾರ್ನಿಶ್ ತರಲು ಹೋದವಳು ಮುಕ್ಕಾಲು ಗಂಟೆಯಲ್ಲಿ ಹಿಂದಿರುಗಿದಳು. ಹಿತ್ತಿಲ ಗೇಟು ತೆಗೆಯುವಾಗಲೇ ವಾಸನೆ ಬಂತು. ಒಂದು ವರ್ಷದಿಂದ ಈ ಮನೆಯಲ್ಲಿ ಇರದಿದ್ದ ವಾಸನೆ, ಕೊಯ್ದ ಮರದ್ದು. ಕೆಲಸದ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಗುಡಿಸಲಿನ ಪಕ್ಕ ನೆಲದ ಮೇಲೆ ಮೇಸ್ತ್ರಿ ಗೋಡೆಗೆ ಒರಗಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು, ಎದೆ ಮೇಲೆ ಕೆಳಗೆ ಹೋಗುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಕಾಲ ಬಳಿ ಬಟ್ಟಲಿನಲ್ಲಿ ಅಂಟು ಕಲಸಿದ ಮರದ ಪುಡಿ, ಅದರಲ್ಲಿ ಇನ್ನೂ ನಿಂತಿದ್ದ ಕಡ್ಡಿ.

ಸಂದು ಬಿದ್ದರೆ ಬಡಗಿಗಳು ಮಾಡುವುದು ಅದನ್ನೇ. ಅದೇ ಮರದ ಪುಡಿಗೆ ಅಂಟು ಕಲಸಿ ಮೆತ್ತುವುದು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ, ಇದು ಸುಡುವ ತನಕ ಬಂದಿತ್ತು.

ತಮ್ಮನ ಗಾಡಿ ಹೇಗೆ ಬಂತು, ಮೇಸ್ತ್ರಿಯನ್ನು ಹೇಗೆ ಎತ್ತಿ ಕೂರಿಸಿದರು, ಅವಳಿಗೆ ಒಂದೂ ನೆನಪಿಲ್ಲ. ಕೆಲಸದ ಕೋಣೆಗೆ ಬೀಗ ಹಾಕಿ ಕೀಲಿ ಜೇಬಿಗಿಳಿಸಿದ್ದೂ ತಮ್ಮನೇ. ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಎರಡು ಗಂಟೆ ವಾರ್ನಿಶ್ ಡಬ್ಬ ಹಿಡಿದುಕೊಂಡೇ ಕೂತಿದ್ದಳು. ಡಾಕ್ಟರಮ್ಮ ಹೊರಗೆ ಬಂದು, "ಈ ಸಲ ಉಳಿದ್ರು," ಎಂದರು. 'ಈ ಸಲ' ಎನ್ನುವುದನ್ನು ಒತ್ತಿ ಹೇಳಿದರು.

ಮೂರನೆಯ ದಿನ ಮೇಸ್ತ್ರಿ ಮಾತಾಡುವ ಹಾಗಾದ ಮೇಲೆ ಅವಳು ಬಾಯಿಬಿಟ್ಟಳು.

"ಕೀಲಿ ಹೇಗೆ ಸಿಕ್ತು?"

"ತಟ್ಟಿದೆ," ಎಂದರು. "ಮೊದಲಿಂದ್ಲೂ ಗೊತ್ತಿತ್ತು. ನೀನು ಬೀಗ ಹಾಕಿದ ಎರಡನೇ ವಾರಾನೇ ಗೊತ್ತಾಯ್ತು. ನಿನ್ನ ಪೈಪೆಲ್ಲ ಟೊಂಯ್ ಅನ್ನುತ್ತೆ. ಆ ಟವೆಲ್ ಕೋಲು ಒಂದೇ ಡುಬ್ ಅಂತಿತ್ತು. ಒಳಗೆ ಬಟ್ಟೆ ಇದೆ ಅಂದ್ಕೊಂಡೆ. ಬಟ್ಟೆ ಯಾಕಿಡ್ತಾಳೆ? ಏನೋ ಸುತ್ತಿಟ್ಟಿದಾಳೆ."

"ಗೊತ್ತಿದ್ದೂ ಇಷ್ಟು ದಿನ ತೆಗೀಲಿಲ್ವಾ?"

"ತೆಗೀಬಾರ್ದು ಅಂತಾನೇ ಇದ್ದೆ. ದಿನಾ ಬೆಳಿಗ್ಗೆ ಮುಖ ತೊಳೆಯುವಾಗ ಕಣ್ಣೆದುರಿಗೇ ಇರ್ತಿತ್ತು. ಆದ್ರೆ ಮೊನ್ನೆ ಅದು ಅಲ್ಲಾಡ್ತಲ್ಲ..." ಮೇಸ್ತ್ರಿ ಮುಖ ಆಚೆ ತಿರುಗಿಸಿದರು. "ನಾನು ಮಾಡಿದ್ದು ಅಲ್ಲಾಡ್ತು ಕಣೇ."

ಅವಳಿಗೆ ಎಲ್ಲಿತ್ತೋ ಆ ಸಿಟ್ಟು. ಪಕ್ಕದ ಹಾಸಿಗೆಯವರು ಎದ್ದು ಕೂತರು.

"ಅಲ್ಲಾಡ್ಲಿ! ಬಿದ್ದುಹೋಗ್ಲಿ! ಬೆಂಕಿ ಬೀಳ್ಲಿ ಗುಡಿಸಲಿಗೆ! ನಾನು ಬದುಕಿರೋ ತನಕ ಈ ಮನುಷ್ಯನ ಎದೆಗೆ ಕಿವಿಗೊಟ್ಕೊಂಡೇ ಇರ್ಬೇಕಾ? ಒಂದು ವರ್ಷದಿಂದ ನೆಟ್ಟಗೆ ನಿದ್ದೆ ಮಾಡಿಲ್ಲ ನಾನು. ಉಸಿರು ಬಂತಾ, ಹೋಯ್ತಾ, ಬಂತಾ, ಹೋಯ್ತಾ! ನಿಮಗೆ ಮರ ಬೇಕಾದ್ರೆ ಹೇಳಿಬಿಡಿ. ನಾನೇ ಬಾಗಿಲು ತೆಗೆದು ಕೂರಿಸ್ತೀನಿ. ಕೂತ್ಕೊಂಡು ಸಾಯಿರಿ. ನನ್ನ ಮಾತ್ರ ದಿನಾ ಹೀಗೆ ಕೊಲ್ಲಬೇಡಿ!"

ಮೇಸ್ತ್ರಿ ಅವಳ ಸೆರಗಿನ ತುದಿಯನ್ನು ಹಿಡಿದುಕೊಂಡರು. ಅವಳು ಬಿಡಿಸಿಕೊಂಡಳು. ಮತ್ತೆ ಹಿಡಿದುಕೊಂಡರು. ಆಗ ಹಾಗೇ ಬಿಟ್ಟಳು.

ಮನೆಗೆ ಬಂದ ಮೇಲೆ ಅವರು ಮೊದಲು ಮಾಡಿದ್ದು, ಅವಳು ತಂದಿದ್ದ ಅಂಗಡಿಯ ಚೀಲ ಕೇಳಿದ್ದು. ಪೈಪಿಗೆ ಹಾಕುವ ಅಂಟಿನಿಂದ, ಪೈಪಿನದೇ ತೆಳು ಪಟ್ಟಿ ಸುತ್ತಿ ಗೂಟ ಬಿಗಿ ಮಾಡುವುದನ್ನು ಅವಳು ತೋರಿಸಿದಳು. ಮೇಸ್ತ್ರಿ ಎರಡು ಮಾತಿಲ್ಲದೆ ಕಲಿತರು. ಯಾವ ಮರ ಎಂದು ಕೇಳಲೂ ಇಲ್ಲ. ಒಂದೇ ಒಂದು ಹಟ ಮಾಡಿದರು. ಕಂಬಗಳಿಗೆ ಮರಳು ತುಂಬಬೇಕು. "ಮಕ್ಕಳು ಒರಗಿದ್ರೆ ಅಲ್ಲಾಡಬಾರದು, ತೂಕ ಬೇಕು." ಅದು ನ್ಯಾಯವಾದ ಮಾತು. ತೊಳೆದು ಒಣಗಿಸಿದ ಮರಳನ್ನು ತಮ್ಮ ತಂದು ಹಾಕಿದ. ಅವಳು ಸಂತೆಗೆ ಹೋಗಿ ಬರುವಷ್ಟರಲ್ಲಿ ಹನ್ನೆರಡಕ್ಕೂ ಮರಳು ತುಂಬಿ, ಮುಚ್ಚಳ ಮತ್ತೆಂದೂ ಬಿಚ್ಚದ ಹಾಗೆ ಅಂಟು ಹಾಕಿ ಮುಗಿಸಿದ್ದರು.

ಮಕ್ಕಳ ಕೋಣೆ ಶುರುವಾಗುವ ಹಿಂದಿನ ದಿನ ಗುಡಿಸಲು ಗ್ರಂಥಾಲಯದಲ್ಲಿ ನಿಂತಿತು. ಪೈಪಕ್ಕನ ತಮ್ಮ ಮೈಭಾರವನ್ನೆಲ್ಲ ಹಾಕಿ ತಳ್ಳಿದ. ಅಲ್ಲಾಡಲಿಲ್ಲ. ದಿನಪತ್ರಿಕೆ ಓದಲು ಬಂದಿದ್ದ ಹಿರಿಯರೊಬ್ಬರು ಕನ್ನಡಕ ಒರೆಸಿಕೊಂಡು ಹತ್ತಿರ ಬಂದರು.

"ಯಾವ ಮರ ಇದು?"

ಪೈಪಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಸ್ತ್ರಿ ಮಾತ್ರ ನೆಟ್ಟಗೆ ನಿಂತು, "ಮರ ಅಲ್ಲ ಸಾರ್, ನೀರಿನ ಪೈಪು," ಎಂದರು.

ಹಿರಿಯರು ಕಂಬವನ್ನು ಬೆರಳಿಂದ ತಟ್ಟಿದರು. ಡುಬ್ ಎಂದಿತು. "ತಮಾಷೆ ಮಾಡ್ತೀರಾ? ಗಟ್ಟಿ ಮರ. ನನಗೆ ಗೊತ್ತಾಗಲ್ವಾ?" ಎಂದು ಮುನಿಸಿಕೊಂಡು ಹೋದರು.

ಗ್ರಂಥಾಲಯದ ಮೇಡಂ ಪೈಪಕ್ಕನ ಕೈ ಹಿಡಿದುಕೊಂಡು ಕುಲುಕಿದರು. ಆಮೇಲೆ, "ಅಕ್ಕ, ಒಳಗೆ ನೆಲದ ಮೇಲೆ ಹಾಕೋಕೆ ಹನ್ನೆರಡು ಸಣ್ಣ ದಿಂಬು ಸಿಕ್ಕಿದ್ರೆ ಚೆನ್ನಾಗಿತ್ತು. ಒಂದು ವಾರದಲ್ಲಿ ಕೊಟ್ರೂ ಸಾಕು. ಬಟ್ಟೆ, ಹತ್ತಿ ನಾವು ಕೊಡ್ತೀವಿ," ಎಂದರು.

"ಅದೆಷ್ಟರದು! ಮನೇಲಿ ಮೆಷಿನ್ ಇದೆ, ಎರಡು ದಿನದ ಕೆಲಸ," ಎಂದು ಒಪ್ಪಿಕೊಂಡು, ಪೈಪಕ್ಕ ತಮ್ಮನ ಕಡೆ ಕೈ ಚಾಚಿದಳು. "ಕೋಣೆ ಕೀಲಿ ಕೊಡೋ. ಮೆಷಿನ್ ಈಚೆ ತಂದು ಬೀದಿಯಲ್ಲೇ ಒರೆಸಿಕೊಳ್ತೀನಿ."

"ನನ್ ಹತ್ರ ಎಲ್ಲಿದೆ ಅಕ್ಕ? ಮರಳು ತಂದ ದಿನ ಭಾವನ ಕೈಗೆ ಕೊಟ್ನಲ್ಲ."

"ಯಾರ ಕೈಗೆ?"

"ಭಾವ ಕೇಳಿದ್ರು, ಕೊಟ್ಟೆ. ಅಕ್ಕನಿಗೆ ಕೊಡ್ತೀನಿ ಅಂದ್ರು."

"ಅಯ್ಯೋ ನಿನ್ ಬುದ್ಧಿಗಿಷ್ಟು! ಕಳ್ಳನ ಕೈಗೇ ಬೀಗದ ಕೈ ಕೊಟ್ಯಲ್ಲೋ!"

ಮೇಸ್ತ್ರಿ ಅಷ್ಟರಲ್ಲಿ ಗುಡಿಸಲಿನೊಳಗೆ ಮಕ್ಕಳ ಕುರ್ಚಿಯೊಂದರ ಮೇಲೆ ಮಂಡಿ ಮಡಚಿ ಕೂತಿದ್ದರು. ಅವಳು ಬಗ್ಗಿ ಒಳಗೆ ನುಗ್ಗಿದಳು.

"ಎಲ್ಲಿ ಕೀಲಿ? ತೆಗೀರಿ ಈಚೆ. ಎಲ್ಲಿಟ್ಟಿದೀರ? ಮತ್ತೆ ಹೋಗಿದ್ರಾ ಒಳಗೆ? ನನ್ ಮುಖ ನೋಡಿ ಹೇಳಿ!"

"ಹೋಗಿಲ್ಲ."

"ಹಾಗಾದ್ರೆ ಎಲ್ಲಿ?"

ಮೇಸ್ತ್ರಿ ಕೈಯೆತ್ತಿ ಸುತ್ತಲಿನ ಕಂಬಗಳನ್ನು ತೋರಿಸಿದರು. "ಇದರಲ್ಲೇ ಇದೆ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಹತ್ತಿರದ ಕಂಬ ತಟ್ಟಿದಳು. ಡುಬ್. ಪಕ್ಕದ್ದು. ಡುಬ್. ಅದರ ಪಕ್ಕದ್ದು, ಅದರಾಚೆಯದು. ಎಲ್ಲವೂ ಡುಬ್, ಡುಬ್, ಡುಬ್.

"ಯಾವ ಕಂಬ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಏನ್ರೀ ಅರ್ಥ? ಹಾಕಿದೋರು ನೀವು!"

"ಬೆನ್ನು ತಿರುಗಿಸ್ಕೊಂಡು ಹಾಕ್ದೆ. ಕೈ ಹಿಂದೆ ಮಾಡಿ, ಸಿಕ್ಕಿದ್ದರೊಳಗೆ ಬಿಟ್ಟೆ. ಆಮೇಲೆ ಎಲ್ಲದಕ್ಕೂ ಮರಳು ತುಂಬ್ದೆ." ಮೇಸ್ತ್ರಿ ತಮ್ಮ ಬೆರಳ ಗಂಟುಗಳನ್ನು ನೋಡಿಕೊಂಡರು. "ನೀನು ಎಲ್ಲಿ ಬಚ್ಚಿಟ್ರೂ ನಾನು ತಟ್ಟಿ ಹುಡುಕಿಬಿಡ್ತೀನಿ ಕಣೇ. ನನ್ನ ಕಿವಿ ನನಗೇ ಗೊತ್ತು. ಅದಕ್ಕೇ ನನ್ನ ಕಿವಿಗೂ ಸಿಗದ ಹಾಗೆ ಮಾಡ್ದೆ."

ಪೈಪಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು. ಆಮೇಲೆ ಬಂದದ್ದು ಒಂದೇ ಮಾತು.

"ನನ್ನ ಮೆಷಿನ್ ರೀ!"

ಮೇಸ್ತ್ರಿಯ ಮುಖ ಇಳಿಯಿತು. "ಅಯ್ಯೋ. ಅದು ಮರೆತೇಹೋಯ್ತು."

"ಬಿಡಕ್ಕ, ಬಾಗಿಲು ಒಡೆದುಬಿಡ್ತೀನಿ," ಎಂದ ತಮ್ಮ ಹೊರಗಿನಿಂದ.

"ನಿನ್ ಕೈಲಿ ಆಗಲ್ಲ," ಎಂದರು ಮೇಸ್ತ್ರಿ ತಟ್ಟನೆ. "ಅದು ನಾನು ಮಾಡಿದ ಬಾಗಿಲು." ಈ ಸ್ಥಿತಿಯಲ್ಲೂ ಜಂಬ ನೋಡಿ!

"ಯಾರೂ ಒಡೀಬೇಡಿ," ಎಂದಳು ಪೈಪಕ್ಕ. "ಆ ಬಾಗಿಲನ್ನ ಯಾರೂ ಮುಟ್ಟಕೂಡದು. ಮುಟ್ಟಿದ್ರೆ ನಾನು ಸುಮ್ನಿರಲ್ಲ."

ದಿಂಬುಗಳನ್ನು ಅವಳು ಕೈಯಲ್ಲೇ ಹೊಲಿದಳು. ಹನ್ನೆರಡು ದಿಂಬು, ಒಂದೊಂದಕ್ಕೆ ನಾಲ್ಕು ಅಂಚು, ಎಂದಾದರೂ ಕೈಯಲ್ಲಿ ಹೊಲಿದು ನೋಡಿ, ಗೊತ್ತಾಗುತ್ತದೆ. ಹಿತ್ತಿಲ ಕಟ್ಟೆಯ ಮೇಲೆ ಕೂತು, ಹೊಲಿಗೆಗೊಂದು ಬಯ್ಗುಳದ ಲೆಕ್ಕದಲ್ಲಿ ಬಯ್ಯುತ್ತಾ ಹೊಲಿದಳು. ಬುದ್ಧಿ ಇರೋರು ಮಾಡೋ ಕೆಲಸಾನಾ? ಕೀಲಿ ಹಾಕೋ ಮುಂಚೆ ಒಂದು ಮಾತು ಕೇಳಿದ್ರೆ ಗಂಟೇನು ಹೋಗ್ತಿತ್ತು? ಬೆರಳೆಲ್ಲ ತೂತಾಯ್ತು. ಮೇಸ್ತ್ರಿ ಪಕ್ಕದಲ್ಲೇ ಕೂತು ಹತ್ತಿ ಬಿಡಿಸಿ ತುಂಬುತ್ತಿದ್ದರು, ಡಾಕ್ಟರಮ್ಮನಿಗೆ ಹೆದರಿ ಮೂಗಿಗೆ ದುಪಟ್ಟಾ ಕಟ್ಟಿಕೊಂಡು.

ಒಂಬತ್ತನೆಯ ದಿಂಬಿನ ಮೂಲೆಗೆ ಬಂದಾಗ ಅವಳು ಬಯ್ಯುವುದನ್ನು ನಿಲ್ಲಿಸಿದಳು. ಏನೋ ಕಡಿಮೆಯಾಗಿದೆ ಅನ್ನಿಸಿತು. ಸೂಜಿ ಹಿಡಿದು ಕಿವಿಗೊಟ್ಟಳು. ಉಸಿರು ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ಸಿಳ್ಳೆ ಇರಲಿಲ್ಲ.

"ಏನು?" ಎಂದರು ಮೇಸ್ತ್ರಿ.

"ಏನಿಲ್ಲ," ಎಂದಳು. "ದಾರ ಮುಗೀತು. ಪೋಣಿಸ್ಕೊಡಿ."